ಯಜಮಾನರ ಬೈಕಿನ ಹ್ಯಾಂಡಲ್ ಒಮ್ಮೆ ನೋಡಿದ್ದೀರಾ?

ಬೆಳಗಿನ ಕಾಫಿ ಲೋಟ ಕೈಜಾರಿ ಬಿದ್ದರೆ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಬಟ್ಟೆ ತಂದು ನೆಲ ಒರೆಸುತ್ತೇವೆ, ಇನ್ನೊಂದು ಲೋಟ ಕಾಫಿ ಬೆರೆಸಿ ಕೊಡುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಒಂದೇ ವಾರದಲ್ಲಿ ಎರಡನೇ ಸಲ ಲೋಟ ಬಿದ್ದಾಗ ಮಾತ್ರ ನಾನು ನೆಲ ಬಿಟ್ಟು ಅವರ ಕೈ ನೋಡಿದೆ. ಬಲಗೈ ಬೆರಳುಗಳನ್ನು ನೀರು ಒದರಿದ ಹಾಗೆ ಒದರಿಕೊಳ್ಳುತ್ತಿದ್ದರು.

“ಏನ್ರೀ ಅದು?”

“ಏನಿಲ್ಲ ಕಣೆ, ಸ್ವಲ್ಪ ಜೋಮು.”

“ಎಷ್ಟು ದಿನದಿಂದ?”

ಅದಕ್ಕೆ ಉತ್ತರ ಬಂದಿದ್ದು ರಾತ್ರಿ ಊಟವಾದ ಮೇಲೆ. ನಾಲ್ಕು ತಿಂಗಳಿಂದ! ಯಾಕೆ ಹೇಳಲಿಲ್ಲ ಅಂದರೆ, “ಹೇಳಿದ್ರೆ ನೀನೂ ಮಗನೂ ಸೇರಿ ಬೈಕ್ ಕೀ ಕಿತ್ಕೋತೀರಿ ಅಂತ” ಎಂದರು. ಐವತ್ತೆಂಟರ ಗಂಡಸು ಶಾಲೆ ಹುಡುಗನ ಹಾಗೆ ಮುಖ ಮಾಡಿಕೊಂಡು ಕೂತಿದ್ದನ್ನು ನೋಡಿ ನನಗೆ ನಗುವೂ ಬಂತು, ಹೊಟ್ಟೆಯಲ್ಲಿ ಕಸಿವಿಸಿಯೂ ಆಯಿತು. ಯಾಕೆಂದರೆ ಆ ಜೋಮು ಹಿಡಿದ ಕೈಯಲ್ಲೇ ಅಲ್ಲವೇ ಮುಂದಿನ ಬ್ರೇಕ್ ಇರುವುದು? ದಿನಾ ಅದೇ ಬೈಕಿನ ಹಿಂದೆ ನಾನೂ ಕೂರುತ್ತಿದ್ದೆ.

ನಿಮ್ಮ ಮನೆಯಲ್ಲೂ ಐವತ್ತು ದಾಟಿದವರು ಬೈಕ್ ಓಡಿಸುತ್ತಿದ್ದರೆ ಈ ಭಾನುವಾರ ಒಂದರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಬೈಕ್ ಮಾರುವ ಮಾತು, ಸ್ಕೂಟರ್ ಕೊಳ್ಳುವ ಮಾತು, ‘ಇನ್ನು ಸಾಕು, ಬಸ್ಸಲ್ಲಿ ಹೋಗಿ’ ಅನ್ನುವ ಮಾತು ಎಲ್ಲ ಆಮೇಲೆ. ಮೊದಲು ಹ್ಯಾಂಡಲ್ ನೋಡಿ.

ಎರಡು ಸೌಟು ತನ್ನಿ

ಅಡುಗೆಮನೆಯಿಂದ ಎರಡು ಸೌಟು ತಂದು ಕೈಗೊಂದರಂತೆ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಕಣ್ಣು ಮುಚ್ಚಿ, ಬೈಕ್ ಹಿಡಿದವರ ಹಾಗೆ ಎರಡೂ ಕೈಯನ್ನು ಆರಾಮಾಗಿ ಮುಂದೆ ಚಾಚಿ. ಈಗ ಕಣ್ಣು ಬಿಟ್ಟು ನೋಡಿ. ಸೌಟಿನ ಹಿಡಿಗಳು ಒಂದೇ ಗೆರೆಯಲ್ಲಿ ಅಡ್ಡಡ್ಡ ಇರುವುದಿಲ್ಲ. ಹೊರಗಿನ ತುದಿಗಳು ಸ್ವಲ್ಪ ಕೆಳಕ್ಕೆ, ಸ್ವಲ್ಪ ನಿಮ್ಮ ಕಡೆಗೆ ವಾಲಿರುತ್ತವೆ. ನಮ್ಮ ಮಣಿಕಟ್ಟಿಗೆ ಸಹಜವಾದ ಭಂಗಿ ಅದು.

ಈಗ ಅದೇ ಸೌಟುಗಳನ್ನು ಲಟ್ಟಣಿಗೆಯಂತೆ ಒಂದೇ ನೇರಕ್ಕೆ ತನ್ನಿ. ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುವುದು, ಮೊಣಕೈ ಮೇಲೇಳುವುದು ಗೊತ್ತಾಗುತ್ತದೆ. ಹುಡುಗರು ಇಷ್ಟಪಡುವ ಅನೇಕ ಬೈಕುಗಳ ಹ್ಯಾಂಡಲ್ ಹೀಗೇ ಚಪ್ಪಟೆ, ತಗ್ಗು, ಮುಂದಕ್ಕೆ. ಹಳೆಯ 100 ಸಿಸಿ ಬೈಕುಗಳಲ್ಲಿ, ಹಳೆಯ ಬುಲೆಟ್ಟಿನಲ್ಲಿ ಹ್ಯಾಂಡಲ್ ಎತ್ತರಕ್ಕೆ ಏರಿ, ತುದಿ ಸವಾರನ ಕಡೆಗೆ ಬಾಗಿರುತ್ತಿತ್ತು. ಇಪ್ಪತ್ತೈದು ವರ್ಷ ಅದರಲ್ಲಿ ಓಡಾಡಿದ ನಮ್ಮನೆಯವರು, ಮಗ ಪುಣೆಗೆ ಕೆಲಸಕ್ಕೆ ಹೋದ ಮೇಲೆ ‘ಸುಮ್ನೆ ನಿಂತು ಹಾಳಾಗುತ್ತಲ್ಲ’ ಅಂತ ಅವನ 150 ಸಿಸಿ ಬೈಕ್ ಹತ್ತಿದರು, ಹಳೆಯದನ್ನು ಮಾರಿದರು. ಜೋಮು ಶುರುವಾಗಿದ್ದು ಅಲ್ಲಿಂದಲೇ. ಬೈಕ್ ಬದಲಾಗಿದ್ದು ನನಗೂ ಗೊತ್ತಿತ್ತು, ಆದರೆ ಎರಡಕ್ಕೂ ಗಂಟು ಹಾಕಬೇಕು ಅಂತ ಹೊಳೆದಿರಲಿಲ್ಲ.

ಹ್ಯಾಂಡಲ್‌ನಿಂದ ಎಷ್ಟು ವ್ಯತ್ಯಾಸವಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ರಾಯಲ್ ಎನ್‌ಫೀಲ್ಡ್ ಕಂಪನಿ 2018ರಲ್ಲಿ ಒಂದೇ ಎಂಜಿನ್ನಿನ ಎರಡು ಬೈಕ್ ತಂದಿತು, ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650. ಮೊದಲನೆಯದಕ್ಕೆ ಅಗಲವಾದ, ಎತ್ತರದ ಹ್ಯಾಂಡಲ್. ಎರಡನೆಯದಕ್ಕೆ ಮುಂದಿನ ಫೋರ್ಕಿಗೆ ಬಿಗಿದ ತಗ್ಗಿನ ಎರಡು ತುಂಡು, ಅದಕ್ಕೆ ಕ್ಲಿಪ್-ಆನ್ ಅನ್ನುತ್ತಾರೆ. ಮೊದಲನೆಯದರಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು, ಎರಡನೆಯದರಲ್ಲಿ ಬಗ್ಗಿ ನೆಲ ಒರೆಸುವ ಹಾಗೆ ಮುಂದಕ್ಕೆ ಬಾಗಬೇಕು. ಇಪ್ಪತ್ತೈದರ ಬೆನ್ನಿಗೆ ಎರಡೂ ನಡೆಯುತ್ತದೆ.

ಕೈಗೆ ಆಗುವುದೇನು?

ಅಂಗೈ ಬುಡದಲ್ಲಿ, ಮಣಿಕಟ್ಟಿನ ಒಳಭಾಗದಲ್ಲಿ ಒಂದು ಕಿರಿದಾದ ದಾರಿ ಇದೆ. ಬೆರಳು ಮಡಿಸುವ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಆ ದಾರಿಯಲ್ಲೇ ಒತ್ತೊತ್ತಾಗಿ ಹಾದುಹೋಗುತ್ತವೆ. ಕಾರ್ಪಲ್ ಟನಲ್ ಅಂತ ಡಾಕ್ಟರು ಹೇಳುವುದು ಇದಕ್ಕೇ. ಕೈಯನ್ನು ಹಿಂದಕ್ಕೆ ಮಡಿಸಿ, ಬಿಗಿಯಾಗಿ ಹಿಡಿದು, ಮೇಲಿನಿಂದ ಮೈಭಾರವನ್ನೂ ಹಾಕಿದರೆ ಆ ದಾರಿಯಲ್ಲಿ ಒತ್ತಡ ಹೆಚ್ಚುತ್ತದೆ, ನರ ಅಮುಕುತ್ತದೆ. ಎಂಜಿನ್ನಿನ ನಡುಕ ಬೇರೆ. ಬಲಗೈಗೆ ತೊಂದರೆ ಇನ್ನೂ ಹೆಚ್ಚು. ಆಕ್ಸಿಲರೇಟರ್ ತಿರುಗಿಸಿ ಹಿಡಿದೇ ಇರಬೇಕಲ್ಲ, ಎಡಗೈಯಂತೆ ಮಧ್ಯೆ ಬಿಟ್ಟು ಒದರಿಕೊಳ್ಳುವಂತಿಲ್ಲ.

ಯಾವ ಬೆರಳಿಗೆ ಜೋಮು ಅಂತ ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂದರೆ ಮೇಲೆ ಹೇಳಿದ ನರದ ಮೇಲೆ ಅನುಮಾನ. ಕಿರುಬೆರಳು, ಅದರ ಪಕ್ಕದ ಉಂಗುರದ ಬೆರಳು ಅಂದರೆ ಅಂಗೈ ಹೊರ ಅಂಚಿನಲ್ಲಿ ಹೋಗುವ ಇನ್ನೊಂದು ನರ. ಸೈಕಲ್ ತುಳಿಯುವವರಿಗೂ ಬರುವ ತೊಂದರೆ ಅದು. ಕುತ್ತಿಗೆಯ ಸವೆತದಿಂದಲೂ ತೋಳುದ್ದಕ್ಕೂ ಜೋಮು ಇಳಿಯಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ ಇದೆಲ್ಲ ಇನ್ನಷ್ಟು ಸುಲಭವಾಗಿ ಬರುತ್ತದೆ.

ಬೈಕ್ ಇಳಿದು ಹತ್ತು ಹದಿನೈದು ನಿಮಿಷದಲ್ಲಿ ಜೋಮು ಹೋಗಿಬಿಟ್ಟರೆ ಹ್ಯಾಂಡಲ್ ಸರಿಮಾಡಿ ನೋಡಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟಿದ್ದರೆ, ಅಂಗಿ ಗುಂಡಿ ಹಾಕಲು ಕಷ್ಟವಾಗುತ್ತಿದ್ದರೆ, ನಮ್ಮವರ ಹಾಗೆ ಲೋಟ ಜಾರುತ್ತಿದ್ದರೆ ಮೊದಲು ಡಾಕ್ಟರು, ಆಮೇಲೆ ಮೆಕ್ಯಾನಿಕ್. ಇನ್ನೊಂದನ್ನು ದಯವಿಟ್ಟು ಮರೆಯಬೇಡಿ. ಎದೆ ಬಿಗಿತ, ಬೆವರು, ಏದುಸಿರಿನ ಜೊತೆ ತೋಳಿಗೋ ದವಡೆಗೋ ನೋವು ಇಳಿದರೆ ಅದನ್ನು ಬೈಕಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬೈಕಿನಲ್ಲಲ್ಲ.

ನಮ್ಮವರಿಗೆ ಡಾಕ್ಟರು ನರದ ಪರೀಕ್ಷೆ ಮಾಡಿಸಿದರು, ರಾತ್ರಿ ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲು ಹೇಳಿದರು. ಬೈಕ್ ಪೂರ್ತಿ ಬಿಡಿ ಅನ್ನಲಿಲ್ಲ. “ಕೂರುವ ರೀತಿ ಸರಿಮಾಡಿಕೊಳ್ಳಿ, ಒಂದು ತಿಂಗಳು ಬಿಟ್ಟು ಬನ್ನಿ” ಅಂದರು. ಹಾಗಾಗಿ ನಾವು ಹ್ಯಾಂಡಲ್ ಹಿಂದೆ ಬಿದ್ದೆವು.

ಕಾಸು ಬೇಡದ ಕೆಲಸ ಮೊದಲು

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಬರೀ ಸೈಡ್ ಸ್ಟ್ಯಾಂಡ್ ಇದ್ದರೆ ಮನೆಯಲ್ಲಿ ಯಾರಾದರೂ ಹಿಂದಿನಿಂದ ನೆಟ್ಟಗೆ ಹಿಡಿದುಕೊಳ್ಳಲಿ. ಅವರು ದಿನಾ ಕೂರುವ ಹಾಗೆಯೇ ಕೂತು ಹ್ಯಾಂಡಲ್ ಹಿಡಿಯಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಮೊಣಕೈ ಸ್ವಲ್ಪ ಮಡಿಸಿರಬೇಕು, ಕೋಲಿನ ಹಾಗೆ ನೆಟ್ಟಗಾಗಿದ್ದರೆ ಹ್ಯಾಂಡಲ್ ದೂರವಾಯಿತು ಅಂತ ಅರ್ಥ. ಭುಜ ಕಿವಿಯ ಕಡೆ ಏರಿರಬಾರದು. ಬೆನ್ನು ಒಂಚೂರು ಮುಂದೆ ಬಾಗಿದ್ದರೆ ಪರವಾಗಿಲ್ಲ.

ಆಮೇಲೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ತಂದು ಅವರ ಮುಂಗೈ ಮೇಲೆ ಉದ್ದಕ್ಕೆ ಇಡಿ. ಬೆರಳುಗಳನ್ನು ಕ್ಲಚ್ ಮೇಲೆ ಚಾಚಿದಾಗ ಮುಂಗೈ, ಅಂಗೈ ಹಿಂಭಾಗ, ಬೆರಳು ಮೂರೂ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿರಬೇಕು. ನಮ್ಮ ಬೈಕಿನಲ್ಲಿ ಕ್ಲಚ್ ಲಿವರ್ ಬಹಳ ಮೇಲಿತ್ತು. ಪ್ರತಿ ಸಲ ಕ್ಲಚ್ ಹಿಡಿಯುವಾಗಲೂ ಬೆರಳು ಮೇಲೆತ್ತಿ, ಮಣಿಕಟ್ಟು ಕೆಳಗೆ ಕುಸಿಯುತ್ತಿತ್ತು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಅದೆಷ್ಟು ಸಲವೋ! ಲಿವರ್ ಹಿಡಿದಿರುವ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ, ಲಿವರನ್ನು ಒಂದಿಷ್ಟು ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಅರ್ಧ ನೋವು ಅಲ್ಲಿಗೇ ಇಳಿಯಿತು ಅಂತ ಅವರು ಈಗಲೂ ಹೇಳುತ್ತಾರೆ.

ಒಂದೇ ಕೊಳವೆಯ ಹ್ಯಾಂಡಲ್ ಆಗಿದ್ದರೆ ಅದನ್ನೂ ಹಿಡಿಕಟ್ಟಿನೊಳಗೆ ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು. ಕಾಲಿಂಚು ಅರ್ಧ ಇಂಚು ಹತ್ತಿರ ಬಂದರೂ ಮೈಗೆ ಗೊತ್ತಾಗುತ್ತದೆ. ಬೋಲ್ಟ್ ಸಡಿಲ ಮಾಡುವ ಮೊದಲು ನಿಮ್ಮ ನೇಲ್ ಪಾಲಿಷ್ ತಂದು ಹ್ಯಾಂಡಲ್ ಮೇಲೊಂದು, ಹಿಡಿಕಟ್ಟಿನ ಮೇಲೊಂದು ಚುಕ್ಕೆ ಇಡಿ. ಮೊದಲಿದ್ದ ಜಾಗಕ್ಕೆ ವಾಪಸ್ ತರಬೇಕಾದರೆ ಗುರುತು ಬೇಕಲ್ಲ. ಈ ಉಪಾಯ ಕಂಡು ನಮ್ಮ ಮೆಕ್ಯಾನಿಕ್ ಹುಡುಗ “ಆಂಟಿ, ನೀವು ಗ್ಯಾರೇಜ್ ಇಡಬಹುದು” ಅಂದ. ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವುದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲೋ ಸರ್ವಿಸ್ ಸೆಂಟರಿನಲ್ಲೋ ಸಿಗುತ್ತದೆ. ಅದಕ್ಕೆ ಅಳತೆಯ ಸ್ಪ್ಯಾನರ್ ಬೇಕು. ಹಾಗಾಗಿ ಈ ಕೆಲಸ ಅವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತಿರಿ.

ಗ್ರಿಪ್ ರಬ್ಬರನ್ನೂ ಮುಟ್ಟಿ ನೋಡಿ. ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಕಲ್ಲಾಗಿ, ನುಣ್ಣಗಾಗಿರುತ್ತದೆ. ಜಾರುತ್ತದೆ ಅಂತ ಗೊತ್ತಿಲ್ಲದೆಯೇ ಬಿಗಿಯಾಗಿ ಹಿಡಿಯುತ್ತಾರೆ, ಕೈ ಸೋಲುತ್ತದೆ. ಮೆತ್ತನೆಯ ಹೊಸ ಗ್ರಿಪ್ ದೊಡ್ಡ ಖರ್ಚೇನಲ್ಲ. ಆದರೆ ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ, ಸಣ್ಣ ಕೈಯವರಿಗೆ ದಪ್ಪ ಗ್ರಿಪ್ ಹಿಡಿಯುವುದೇ ಒಂದು ಶಿಕ್ಷೆ. ಹ್ಯಾಂಡಲ್ ತುದಿಯಲ್ಲಿ ಕಬ್ಬಿಣದ ಗುಂಡಿನಂಥ ತೂಕ ಇರುತ್ತದೆ, ನೋಡಿರಬಹುದು. ಅದು ಅಲಂಕಾರಕ್ಕಲ್ಲ, ನಡುಕ ತಗ್ಗಿಸಲು. ನಮ್ಮ ಮಗ ಒಂದು ಕಡೆಯದನ್ನು ಎಲ್ಲೋ ಬೀಳಿಸಿಕೊಂಡು ಹಾಗೇ ಓಡಿಸುತ್ತಿದ್ದ. ಜೋಡಿ ಹಾಕಿಸಿದೆವು.

ಹ್ಯಾಂಡಲ್ ಬದಲಿಸುವುದಾದರೆ

ಇಷ್ಟಾದರೂ ಕೈ ಎಟುಕುವುದಿಲ್ಲ, ಬೆನ್ನು ಬಗ್ಗುವುದು ತಪ್ಪುವುದಿಲ್ಲ ಅಂದರೆ ಎರಡು ದಾರಿ ಇದೆ. ಒಂದು, ಇರುವ ಹ್ಯಾಂಡಲ್ ಕೆಳಗೆ ರೈಸರ್ ಅನ್ನುವ ಲೋಹದ ತುಂಡು ಇಟ್ಟು ಎತ್ತರಿಸುವುದು. ಇನ್ನೊಂದು, ಎತ್ತರವಾಗಿ ಹಿಂದಕ್ಕೆ ಬಾಗಿದ ಬೇರೆ ಹ್ಯಾಂಡಲ್ ಹಾಕಿಸುವುದು. ಕ್ಲಿಪ್-ಆನ್ ಇರುವ ಬೈಕಿಗೆ ಮಾತ್ರ ಇದು ಅಷ್ಟು ಸಲೀಸಲ್ಲ, ಮೇಲಿನ ಪ್ಲೇಟನ್ನೇ ಬದಲಿಸಬೇಕಾಗಬಹುದು.

ನಾವು ಇಲ್ಲೇ ಎಡವಿದ್ದು. ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿಯವನು “ಸಾರ್, ಇದು ಹಾಕಿ, ಸೋಫಾ ಮೇಲೆ ಕೂತಂಗಿರತ್ತೆ” ಅಂತ ಬೇರಾವುದೋ ಬೈಕಿನ ಎತ್ತರದ ಹ್ಯಾಂಡಲನ್ನು ಅರ್ಧ ಗಂಟೆಯಲ್ಲಿ ಕೂರಿಸಿಬಿಟ್ಟ. ಕೂತು ನೋಡಿದರೆ ನಿಜವಾಗಿಯೂ ಸೋಫಾ! ಮನೆ ಮುಂದೆ ಬಂದು ಬೈಕ್ ತಿರುಗಿಸಲು ಹ್ಯಾಂಡಲ್ ಪೂರ್ತಿ ಹೊರಳಿಸಿದರು ನೋಡಿ, ಎಂಜಿನ್ ತಾನೇ ತಾನಾಗಿ ಗುರ್ ಅಂತು, ಬೈಕ್ ಮುಂದಕ್ಕೆ ನುಗ್ಗಿತು. ಗೇಟಿಗೆ ಗುದ್ದಿ ನಿಂತಿತು. ಅವರ ಮೊಣಕಾಲು ತರಚಿತು, ನನ್ನ ತುಳಸಿ ಕುಂಡ ಹೋಯಿತು. ಅದೇ ಘಟನೆ ಮುಖ್ಯರಸ್ತೆಯ ಯೂ-ಟರ್ನಿನಲ್ಲಿ, ಹಿಂದೆ ಬಸ್ ಇರುವಾಗ ಆಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಗಿದ್ದಿಷ್ಟೇ. ಹ್ಯಾಂಡಲ್ ಎತ್ತರವಾದಾಗ ಆಕ್ಸಿಲರೇಟರ್ ಕೇಬಲ್ಲಿನ ಉದ್ದ ಸಾಲಲಿಲ್ಲ. ಹ್ಯಾಂಡಲ್ ಹೊರಳಿದರೆ ಕೇಬಲ್ ಎಳೆಯುತ್ತದೆ, ಯಾರೂ ತಿರುಗಿಸದೆಯೇ ಆಕ್ಸಿಲರೇಟರ್ ಏರುತ್ತದೆ. ಆದ್ದರಿಂದ ಹ್ಯಾಂಡಲ್ ಮುಟ್ಟಿದ ಮೇಲೆ, ಅದು ಸ್ವಲ್ಪವೇ ತಿರುಗಿಸಿದ್ದಾದರೂ ಸರಿ, ಅಂಗಡಿ ಮುಂದೆಯೇ ಈ ಪರೀಕ್ಷೆ ಮಾಡಿಸದೆ ಹೊರಡಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ನಿಧಾನವಾಗಿ ಹೊರಳಿಸಲಿ. ಎಂಜಿನ್ನಿನ ಸದ್ದು ಕಿಂಚಿತ್ತೂ ಏರಬಾರದು. ಇದಕ್ಕೆ ಮೆಕ್ಯಾನಿಕ್ ವಿದ್ಯೆ ಬೇಡ, ನಿಮ್ಮ ಕಿವಿ ಸಾಕು.

ಹಾಗೇ ಹೊರಳಿಸುವಾಗ ಮುಂದಿನ ಡಿಸ್ಕ್ ಬ್ರೇಕಿನ ಕಪ್ಪು ಪೈಪು ಬಿಲ್ಲಿನ ಹೆದೆಯ ಹಾಗೆ ಬಿಗಿಯುತ್ತಿದೆಯೇ ನೋಡಿ. ಬಿಗಿದರೆ ಬೇಡವೇ ಬೇಡ ಅನ್ನಿ, ಅಥವಾ ಉದ್ದದ ಪೈಪು ಹಾಕಿಸಿ. ಕ್ಲಚ್ ಲಿವರ್ ತುದಿಯಲ್ಲಿ ಸ್ವಲ್ಪ ಸಡಿಲ ಇರಬೇಕು. ಗ್ರಿಪ್ಪಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳಬಾರದು. ಹಾರ್ನ್, ಇಂಡಿಕೇಟರ್ ಕೆಲಸ ಮಾಡುತ್ತಿವೆಯೇ, ಕನ್ನಡಿಯಲ್ಲಿ ರಸ್ತೆ ಕಾಣುತ್ತದೆಯೇ ಎಂದು ನೋಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ, ನಮಗೆ ಎರಡನೇ ಮೆಕ್ಯಾನಿಕ್ ತೋರಿಸಿಕೊಟ್ಟದ್ದು. ಅನೇಕ ಬೈಕುಗಳಲ್ಲಿ ಸ್ವಿಚ್ಚುಗಳ ಡಬ್ಬಿಯೊಳಗೆ ಸಣ್ಣದೊಂದು ಮೊಳೆಯಂಥ ಮುಂಚಾಚು ಇರುತ್ತದೆ, ಅದು ಹ್ಯಾಂಡಲ್ಲಿನ ತೂತಿನಲ್ಲಿ ಕೂತು ಡಬ್ಬಿ ತಿರುಗದಂತೆ ಹಿಡಿಯುತ್ತದೆ. ಬೇರೆ ಬೈಕಿನ ಹ್ಯಾಂಡಲ್ಲಿನಲ್ಲಿ ಆ ಜಾಗಕ್ಕೆ ತೂತು ಇರುವುದಿಲ್ಲ. ಅವಸರದವರು ಅದನ್ನು ಉಜ್ಜಿ ಬೋಳು ಮಾಡಿ ಕೂರಿಸಿಬಿಡುತ್ತಾರೆ. ಓಡಿಸುವಾಗ ಡಬ್ಬಿಯೇ ತಿರುಗಿದರೆ ಆಕ್ಸಿಲರೇಟರ್ ಹಿಡಿತ ತಪ್ಪುತ್ತದೆ. “ತೂತು ಹಾಕಿದ್ದೀರಾ?” ಅಂತ ಒಂದು ಮಾತು ಕೇಳಿ. ಹೆಂಗಸು ಇದನ್ನೆಲ್ಲ ಕೇಳುತ್ತಾಳಲ್ಲ ಅಂತ ಅವರು ನೆಟ್ಟಗಾಗುತ್ತಾರೆ, ಅದು ಬೇರೆ ಲಾಭ.

ತೀರಾ ಎತ್ತರವೂ ಬೇಡ. ಹಗ್ಗದ ಮೇಲೆ ಬಟ್ಟೆ ಒಣಗಿಸುವಾಗ ಕೈ ಎತ್ತಿಯೇ ಇದ್ದರೆ ಜೋಮು ಬರುವುದು ನಮಗೆ ಗೊತ್ತೇ ಇದೆ. ಕೈ ಯಾವಾಗಲೂ ಭುಜಕ್ಕಿಂತ ಕೆಳಗಿರಲಿ. ಹ್ಯಾಂಡಲ್ ತೀರಾ ಹಿಂದೆ ಬಂದು ಅವರು ಗೋಡೆಗೆ ಒರಗಿದವರಂತೆ ನೆಟ್ಟಗೆ ಕೂತರೆ ಮೈಭಾರವೆಲ್ಲ ಬೆನ್ನ ಬುಡಕ್ಕೆ ಬೀಳುತ್ತದೆ, ನಮ್ಮ ರಸ್ತೆಯ ಒಂದೊಂದು ಗುಂಡಿಯೂ ನೇರ ಸೊಂಟಕ್ಕೇ ಹೊಡೆಯುತ್ತದೆ. ಸೊಂಟದ ಡಿಸ್ಕ್ ತೊಂದರೆ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ನಾವು ಕೊನೆಗೆ ಹಾಕಿಸಿದ್ದು ಮೊದಲಿನದಕ್ಕಿಂತ ಒಂದಿಂಚು ಎತ್ತರ, ಅದಕ್ಕಿಂತ ಸ್ವಲ್ಪ ಹೆಚ್ಚು ಹಿಂದಕ್ಕೆ ಬಾಗಿದ್ದು. ಕೇಬಲ್ಲೂ ಅದಕ್ಕೆ ತಕ್ಕ ಉದ್ದದ್ದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತಲೂ ಸೇರಿಸಿದ್ದಾರೆ. ಲಿವರ್ ತಿರುಗಿಸುವುದು, ಕಂಪನಿಯದೇ ಹ್ಯಾಂಡಲನ್ನು ಸ್ವಲ್ಪ ಹೊಂದಿಸುವುದು ಮಾರ್ಪಾಡಲ್ಲ, ಹೊಂದಾಣಿಕೆ. ಹ್ಯಾಂಡಲನ್ನೇ ಬದಲಿಸುವ ಮುಂಚೆ ಬೈಕ್ ಕಂಪನಿಯವರಲ್ಲಿ, ಇನ್ಶೂರೆನ್ಸಿನವರಲ್ಲಿ ಒಂದು ಮಾತು ವಿಚಾರಿಸಿ. ಕಂಪನಿಯೇ ನಿಮ್ಮ ಮಾಡೆಲ್ಲಿಗೆ ಕೊಡುವ ಭಾಗ ಸಿಕ್ಕರೆ ಅದನ್ನೇ ಹಾಕಿಸಿ, ಬಿಲ್ ಜೋಪಾನ ಮಾಡಿ. ಆಕಾಶಕ್ಕೆ ಕೈ ಎತ್ತಿದಂಥ ಹ್ಯಾಂಡಲ್‌ಗಳ ತಂಟೆಗೇ ಹೋಗಬೇಡಿ.

ಹಿಂದೆ ಕೂರುವ ನಾವು

ನಮ್ಮ ಪಾಲೂ ಇದರಲ್ಲಿದೆ ಅಂದರೆ ಬೇಜಾರಾಗಬೇಡಿ. ತರಕಾರಿ ಚೀಲ ಎಲ್ಲಿ ನೇತು ಹಾಕುತ್ತೀರಿ? ಹ್ಯಾಂಡಲ್‌ಗೇ ತಾನೇ! ನಾನೂ ವರ್ಷಗಟ್ಟಲೆ ಹಾಕಿದವಳೇ. ಒಂದು ಕಡೆ ಮೂರು ಕೇಜಿ ಈರುಳ್ಳಿ ಜೋತುಬಿದ್ದರೆ ಅವರು ಇನ್ನೊಂದು ಕೈಯಲ್ಲಿ ಸದಾ ಎದುರು ಎಳೆಯುತ್ತಿರಬೇಕು, ಚೀಲ ತೂಗಾಡಿದಾಗಲೆಲ್ಲ ಹ್ಯಾಂಡಲ್ ಅಲುಗುತ್ತದೆ. ಚೀಲ ನಿಮ್ಮ ತೊಡೆ ಮೇಲಿರಲಿ, ಇಲ್ಲವೇ ಪಕ್ಕಕ್ಕೆ ಒಂದು ಬಾಕ್ಸ್ ಹಾಕಿಸಿ. ಬ್ರೇಕ್ ಹಾಕಿದಾಗ ನಮ್ಮ ಭಾರವೆಲ್ಲ ಅವರ ಬೆನ್ನಿನ ಮೂಲಕ ಅವರ ಮಣಿಕಟ್ಟಿಗೇ ಇಳಿಯುತ್ತದೆ. ಭುಜ ಹಿಡಿದು ಜೋಲುವ ಬದಲು ಸೀಟಿನ ಹಿಂದಿನ ಹಿಡಿ ಹಿಡಿಯಿರಿ. ಸೀರೆ ಉಟ್ಟು ಒಂದು ಪಕ್ಕಕ್ಕೆ ಕೂತರೆ ಬೈಕ್ ಆ ಕಡೆ ವಾಲುವುದನ್ನೂ ಅವರ ಕೈಯೇ ಸರಿದೂಗಿಸಬೇಕು. ಚೂಡಿದಾರ್ ಹಾಕಿದ ದಿನ ಎರಡೂ ಕಡೆ ಕಾಲು ಹಾಕಿ ಕೂತು ನೋಡಿ, ಅವರೇ ವ್ಯತ್ಯಾಸ ಹೇಳುತ್ತಾರೆ.

ನೀವೇ ಸ್ಕೂಟರ್ ಓಡಿಸುವವರಾದರೆ ಹ್ಯಾಂಡಲ್ ತಿರುಗಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ, ಎಲ್ಲ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿರುತ್ತದೆ. ಗ್ರಿಪ್ ಬದಲಿಸಬಹುದು, ಬ್ರೇಕ್ ಕೇಬಲ್ ಹದ ಮಾಡಿಸಬಹುದು, ಸೀಟಿನಲ್ಲಿ ಒಂದಿಷ್ಟು ಮುಂದೆ ಕೂರಬಹುದು. ಅಂದಹಾಗೆ ಮಣಿಕಟ್ಟಿನ ನರದ ತೊಂದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಬಟ್ಟೆ ಹಿಂಡುವಾಗ, ಚಪಾತಿ ಹಿಟ್ಟು ನಾದುವಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನಿಮ್ಮದನ್ನೂ ತೋರಿಸಿಕೊಂಡು ಬನ್ನಿ.

ಹೊಸ ಹ್ಯಾಂಡಲ್ ಹಾಕಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ. ಹ್ಯಾಂಡಲ್ ತಿರುಗಿಸಲು ಭಾರ ಅನ್ನಿಸಿದರೆ ಅದೇ ಸಲಕ್ಕೆ ಕೋನ್ ಸೆಟ್ ಕೂಡ ನೋಡಲು ಹೇಳಿ, ಮುಂದಿನ ಚಕ್ರದ ಗಾಳಿಯನ್ನೂ. ಹಳೆಯ ಹ್ಯಾಂಡಲನ್ನು ಮಾತ್ರ ಗುಜರಿಗೆ ಹಾಕಬೇಡಿ, ಬೈಕ್ ಮಾರುವಾಗ ಬೇಕಾಗುತ್ತದೆ. ನಮ್ಮದು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿದೆ. ದೀಪಾವಳಿಗೆ ಬಂದ ಮಗ ಬೈಕ್ ನೋಡಿ “ಏನಪ್ಪಾ, ನನ್ನ ಬೈಕನ್ನ ಹಾಲಿನವರ ಗಾಡಿ ಮಾಡಿಬಿಟ್ಟಿದ್ದೀರಲ್ಲಾ!” ಅಂದ. ಅವರಪ್ಪ ಏನೂ ಮಾತಾಡದೆ, ಬಲಗೈಯಲ್ಲಿ ಕಾಫಿ ಲೋಟ ಎತ್ತಿ ಕುಡಿದರು.